ಹನ್ನೊಂದು ಅಂಕಿಗಳ ಹಾರ

ಸಂಖ್ಯೆ ಎಂದ ಕೂಡಲೇ ನಮ್ಮ ನೆನಪಿಗೆ ಬರುವುದು ಕೊಡಬೇಕಾದ್ದು, ಬರಬೇಕಾದ್ದು, ಸಾಲದೆ ಬಂದದ್ದು. ಹಾಲಿನ ಬಾಕಿ, ಸಾಲದ ಕಂತು, ಮಕ್ಕಳ ಅಂಕಪಟ್ಟಿ, ಆಸ್ಪತ್ರೆಯ ಚೀಟಿ. ದಿನವಿಡೀ ಸಂಖ್ಯೆಗಳ ನಡುವೆಯೇ ಓಡಾಡುತ್ತೇವೆ, ಆದರೆ ಒಂದು ಸಂಖ್ಯೆಯ ಮುಖವನ್ನೂ ನಿಂತು ನೋಡಿರುವುದಿಲ್ಲ. ಈ ಬೆಳಗ್ಗೆ ಯಾರಿಗೂ ಕೊಡಬೇಕಿಲ್ಲದ, ಯಾರಿಂದಲೂ ಬರಬೇಕಿಲ್ಲದ ಒಂದು ಸಂಖ್ಯೆಯ ಜೊತೆ ಸ್ವಲ್ಪ ಹೊತ್ತು ಕಳೆಯೋಣ.

12345654321.

ಬಾಯಲ್ಲಿ ಹೇಳಿದರೆ ಇದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಕಿವಿಗೆ ಇದರಲ್ಲಿ ವಿಶೇಷವೇನೂ ಬೀಳುವುದಿಲ್ಲ. ಬರೆದು ನೋಡಿದಾಗ ಕಣ್ಣು ತಾನಾಗಿ ನಿಲ್ಲುತ್ತದೆ. ಒಂದರಿಂದ ಆರರವರೆಗೆ ಏರಿ, ಆರರಿಂದ ಒಂದಕ್ಕೆ ಇಳಿಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ.

ಈ ಸಂಖ್ಯೆ ನಮ್ಮ ನೆಲದ್ದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಎಂಬ ಗ್ರಂಥ ಬರೆದರು. ನೃಪತುಂಗ ಆಳಿದ್ದು 814ರಿಂದ 878ರವರೆಗೆ. ರಾಜಧಾನಿ ಮಾನ್ಯಖೇಟ, ಅಂದರೆ ಕಾಗಿಣಾ ನದಿಯ ದಂಡೆಯಲ್ಲಿರುವ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತು ಎಂಬುದು ನಮಗೆಲ್ಲ ಗೊತ್ತು. ಅದೇ ದೊರೆಯನ್ನು ಸ್ತುತಿಸಿ ಶುರುವಾಗುವ ಒಂದು ಗಣಿತ ಗ್ರಂಥವೂ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಕಾವ್ಯಕ್ಕೆ ದಾರಿ ತೋರಿದ ಕಾಲವೇ ಲೆಕ್ಕಕ್ಕೂ ದಾರಿ ತೋರಿತ್ತು.

ಗ್ರಂಥದ ಭಾಷೆ ಸಂಸ್ಕೃತ. ಆರಂಭದಲ್ಲಿ ಆಚಾರ್ಯರು ಗಣಿತ ಎಲ್ಲೆಲ್ಲಿ ಬೇಕಾಗುತ್ತದೆ ಎಂದು ಒಂದು ಪಟ್ಟಿಯನ್ನೇ ಕೊಡುತ್ತಾರೆ. ಸಂಗೀತ, ನಾಟಕ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣಗಳ ಜೊತೆಗೆ ಅಡುಗೆಯೂ ಆ ಪಟ್ಟಿಯಲ್ಲಿದೆ. ಆಮೇಲೆ ಸ್ಥಾನಗಳ ಹೆಸರು ಹೇಳುತ್ತಾರೆ. ಏಕ, ದಶ, ಶತ, ಸಹಸ್ರದಿಂದ ಹೊರಟು ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ಮಹಾಕ್ಷೋಭದವರೆಗೆ ಒಟ್ಟು 24 ಸ್ಥಾನಗಳು. ನಮ್ಮ ಸಂಖ್ಯೆ ಆ ಏಣಿಯಲ್ಲಿ ಹನ್ನೊಂದನೆಯ ಮೆಟ್ಟಿಲವರೆಗೆ ಹೋಗುತ್ತದೆ. ಎಡತುದಿಯ ಒಂದು ಅರ್ಬುದದ ಸ್ಥಾನದಲ್ಲಿ, ಬಲತುದಿಯ ಒಂದು ಏಕದ ಸ್ಥಾನದಲ್ಲಿ, ನಡುವಿನ ಆರು ಲಕ್ಷದ ಸ್ಥಾನದಲ್ಲಿ ಕೂತಿವೆ.

ಮಹಾವೀರಾಚಾರ್ಯರು ಕೂಡುವುದು, ಕಳೆಯುವುದನ್ನು ಹೇಳಿಕೊಡಲು ನಿಲ್ಲುವುದಿಲ್ಲ, ನೇರವಾಗಿ ಗುಣಾಕಾರದಿಂದ ಶುರುಮಾಡುತ್ತಾರೆ. ಅಲ್ಲಿ ಅವರು ಶಿಷ್ಯನ ಮುಂದಿಡುವ ಲೆಕ್ಕಗಳನ್ನು ನೋಡಿ. 139ನ್ನು 109ರಿಂದ ಗುಣಿಸು, ಉತ್ತರ 15151. 152207ನ್ನು 73ರಿಂದ ಗುಣಿಸು, ಉತ್ತರ 11111111. 12345679ನ್ನು 9ರಿಂದ ಗುಣಿಸು. ಒಂಬತ್ತು ಒಂದುಗಳು ಸಾಲಾಗಿ ನಿಲ್ಲುತ್ತವೆ. 142857143ನ್ನು 7ರಿಂದ ಗುಣಿಸು; 1000000001. ಇಂಥ ಉತ್ತರಗಳನ್ನು ಅವರು ಕಂಠಿಕೆ ಎಂದು ಕರೆಯುತ್ತಾರೆ, ಎಂದರೆ ಕೊರಳ ಹಾರ. ಕೆಲವು ರಾಜನ ಕೊರಳಿಗೇ ತಕ್ಕ ಹಾರಗಳು. ಆ ಸಾಲಿನಲ್ಲಿ ಬರುವ ಒಂದು ಲೆಕ್ಕ, 27994681ನ್ನು 441ರಿಂದ ಗುಣಿಸುವುದು. ಅದರ ಉತ್ತರವೇ ನಾವು ಹಿಡಿದು ಕೂತಿರುವ ಸಂಖ್ಯೆ.

ಕಾಗದ, ಪೆನ್ಸಿಲು ಹತ್ತಿರವಿದ್ದರೆ ಒಮ್ಮೆ ಮಾಡಿ ನೋಡಿ. ಒಂದರಿಂದ ಗುಣಿಸಿದರೆ 27994681. ನಲವತ್ತರಿಂದ ಗುಣಿಸಿದರೆ 1119787240. ನಾನೂರರಿಂದ ಗುಣಿಸಿದರೆ 11197872400. ಈ ಮೂರು ಸಾಲುಗಳನ್ನು ಒಂದರ ಕೆಳಗೊಂದು ಬರೆದು ಎಷ್ಟು ಹೊತ್ತು ನೋಡಿದರೂ ಎಲ್ಲೂ ಹಾರದ ಸುಳಿವಿಲ್ಲ. ಎಂಟು, ಒಂಬತ್ತು, ಏಳು, ಸೊನ್ನೆ, ಎಲ್ಲ ಚೆಲ್ಲಾಪಿಲ್ಲಿಯಾಗಿವೆ. ಈಗ ಬಲಗಡೆಯಿಂದ ಕೂಡುತ್ತ ಬನ್ನಿ. ಮೊದಲ ಕಂಬಸಾಲಿನಲ್ಲಿ 1. ಮುಂದಿನದು 12, ಎರಡು ಬರೆದು ದಶಕ ಒಂದು. ಅದರ ಮುಂದೆ 13. ಮೂರು ಬರೆದು ದಶಕ ಒಂದು. ಆಮೇಲೆ 14; ನಾಲ್ಕು. ಆಮೇಲೆ 25, ಐದು, ದಶಕ ಎರಡು. ಆಮೇಲೆ 26, ಆರು. ಇಲ್ಲಿಂದ ಇಳಿತ. ಮತ್ತೆ 25, ಮತ್ತೆ 14, ಕೊನೆಗೆ 3, 2, 1. ಪ್ರತಿ ಸಲವೂ ಕೈ ಬರೆಯುವ ಅಂಕಿ ಸರಿಯಾಗಿ ಮುಂದಿನ ಮೆಟ್ಟಿಲೇ ಆಗಿರುತ್ತದೆ. ಮೂರನೆಯದೋ ನಾಲ್ಕನೆಯದೋ ಅಂಕಿ ಬರೆಯುವ ಹೊತ್ತಿಗೆ ಏನೋ ಆಗುತ್ತಿದೆ ಎಂಬುದು ಕೈಗೇ ತಿಳಿಯುತ್ತದೆ.

ಆ ಕಾಲದಲ್ಲಿ ಲೆಕ್ಕ ನಡೆಯುತ್ತಿದ್ದದ್ದು ಹಲಗೆಯ ಮೇಲೆ ಧೂಳು ಹರಡಿ. ಬೆರಳಿನಿಂದಲೋ ಕಡ್ಡಿಯಿಂದಲೋ ಬರೆಯುವುದು, ಅಳಿಸುವುದು, ಅಲ್ಲೇ ಹೊಸ ಅಂಕಿ ಬರೆಯುವುದು. ಗುಣ್ಯ, ಗುಣಕಗಳನ್ನು ಬಾಗಿಲ ಎರಡು ರೆಕ್ಕೆಗಳ ಹಾಗೆ ಜೋಡಿಸುವ 'ಕಪಾಟಸಂಧಿ' ಎಂಬ ಕ್ರಮವನ್ನು ಮಹಾವೀರಾಚಾರ್ಯರು ಹೇಳುತ್ತಾರೆ. ಅಳಿಸುತ್ತ ಅಳಿಸುತ್ತ ಹೋಗುವ ಈ ಕ್ರಮದಲ್ಲಿ ನಡುವಿನ ಮೆಟ್ಟಿಲುಗಳು ಉಳಿಯುವುದಿಲ್ಲ. ಎಲ್ಲಿ ತಪ್ಪಿತು ಎಂದು ಹಿಂದಿರುಗಿ ನೋಡಲು ಬರುವುದಿಲ್ಲ, ಕೊನೆಗೆ ಹಲಗೆಯ ಮೇಲೆ ಉಳಿಯುವುದು ಉತ್ತರ ಒಂದೇ. ಆ ಉತ್ತರ ಹಾರದ ಹಾಗೆ ಮೂಡಿಬಂದರೆ ಸರಿಯೋ ತಪ್ಪೋ ಎಂದು ಶಿಷ್ಯ ಗುರುವಿನ ಮುಖ ನೋಡಬೇಕಾಗಿಲ್ಲ. ಒಂದು ಅಂಕಿ ತಪ್ಪಿದ್ದರೂ ಹಾರ ಅಲ್ಲೇ ಕಡಿದು ಕಾಣುತ್ತದೆ. ಸತ್ಯವನ್ನು ಗುರುತಿಸುವ ಅಧಿಕಾರವನ್ನು ಶಿಷ್ಯನ ಕೈಗೇ ಕೊಡುವ ಪಾಠ ಇದು. ಇದಕ್ಕಿಂತ ದೊಡ್ಡ ಗುರುಕಾರುಣ್ಯ ಯಾವುದಿದೆ?

ಹಾರ ಚೆಂದ, ನಿಜ. ಅದನ್ನು ಪೋಣಿಸಿದ ದಾರ ಯಾವುದು ಎಂದು ಕೇಳುವುದು ಇನ್ನೂ ಚೆಂದ. 12345654321ರ ವರ್ಗಮೂಲ 111111. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಗುಣಿಸುವಾಗ ಏನು ಮಾಡುತ್ತೇವೆ? 111111 ಎಂದು ಆರು ಸಲ ಬರೆಯುತ್ತೇವೆ, ಪ್ರತಿ ಸಾಲನ್ನೂ ಒಂದೊಂದು ಮನೆ ಎಡಕ್ಕೆ ಸರಿಸುತ್ತೇವೆ. ಹಾಗೆ ಬರೆದಾಗ ಬಲಗಡೆಯ ಮೊದಲ ಕಂಬಸಾಲಿನಲ್ಲಿ ಒಂದೇ ಒಂದು ಇರುತ್ತದೆ. ಮುಂದಿನದರಲ್ಲಿ ಎರಡು, ಅದರ ಮುಂದೆ ಮೂರು. ಆರನೆಯದರಲ್ಲಿ ಆರೂ ಸಾಲುಗಳು ಸೇರುತ್ತವೆ. ಅಲ್ಲಿಂದ ಮುಂದೆ ಒಂದೊಂದೇ ಸಾಲು ಮುಗಿಯುತ್ತ ಐದು, ನಾಲ್ಕು, ಮೂರು, ಎರಡು, ಒಂದು.

ಇದನ್ನು ಇಷ್ಟು ಹೊತ್ತಿಗೆ ಎಷ್ಟೋ ಮನೆಗಳ ಅಂಗಳದಲ್ಲಿ ಯಾರೋ ಇಟ್ಟಾಗಿದೆ. ಚುಕ್ಕಿ ರಂಗೋಲಿ ಹಾಕುವವರು ನಡುವೆ ಆರು ಚುಕ್ಕಿ ಇಡುತ್ತಾರೆ. ಅದರ ಮೇಲೆ, ಎರಡೆರಡು ಚುಕ್ಕಿಗಳ ಸಂದಿನಲ್ಲಿ ಒಂದೊಂದರಂತೆ ಐದು, ಅದರ ಮೇಲೆ ನಾಲ್ಕು, ಹೀಗೆ ಒಂದು ಬರುವ ತನಕ. ಕೆಳಗೂ ಹಾಗೆಯೇ. ಮುಗಿದಾಗ ಎಷ್ಟು ಚುಕ್ಕಿಗಳಾದವು? ಒಂದು, ಎರಡು, ಮೂರು, ನಾಲ್ಕು, ಐದು, ಆರು, ಐದು, ನಾಲ್ಕು, ಮೂರು, ಎರಡು, ಒಂದು. ಕೂಡಿದರೆ 36. ಆ ರಂಗೋಲಿಯನ್ನು ಒಂದು ಮೂಲೆಯ ಕಡೆಯಿಂದ ಓರೆಯಾಗಿ ನಿಂತು ನೋಡಿ. ಆರು ಚುಕ್ಕಿಗಳ ಆರು ಸಾಲುಗಳು ಕಾಣುತ್ತವೆ. ಆರಾರಲಿ ಮೂವತ್ತಾರು. ಏರಿ ಇಳಿಯುವ ಸಾಲು ಎಂದು ಕಂಡದ್ದು ಬೇರೆ ಮಗ್ಗುಲಿನಿಂದ ನೋಡಿದರೆ ಸಮಸಾಲುಗಳ ಚೌಕ. ನಮ್ಮ ಸಂಖ್ಯೆಯ ಅಂಕಿಗಳ ಮೊತ್ತ 36 ಆಗಿರುವುದೂ, ಅದು ಆರರ ವರ್ಗವಾಗಿರುವುದೂ ಆಕಸ್ಮಿಕವಲ್ಲ.

ಈ ಅಂದಕ್ಕೆ ಒಂದು ಮಿತಿ ಇದೆ, ಅದನ್ನೂ ತಿಳಿದಿರಬೇಕು. ಒಂಬತ್ತು ಒಂದುಗಳವರೆಗೆ ಹಾರ ಕಡಿಯುವುದಿಲ್ಲ. 111111111ರ ವರ್ಗ 12345678987654321. ಹತ್ತು ಒಂದುಗಳಿಗೆ ಬಂದಾಗ ನಡುವಿನ ಕಂಬಸಾಲಿನಲ್ಲಿ ಹತ್ತು ಸೇರುತ್ತದೆ. ಒಂದು ಮನೆಯಲ್ಲಿ ಹತ್ತು ಹಿಡಿಯುವುದಿಲ್ಲ, ದಶಕ ಪಕ್ಕಕ್ಕೆ ಹೋಗಲೇಬೇಕು. ಪಕ್ಕದ ಒಂಬತ್ತು ಹತ್ತಾಗಿ ತಾನೂ ಒಂದನ್ನು ದಾಟಿಸುತ್ತದೆ. ಬರುವ ಉತ್ತರ 1234567900987654321. ಎಡಗಡೆಯ ಏರಿನಲ್ಲಿ ಎಂಟೇ ಇಲ್ಲ. ಪ್ರತಿಯೊಂದು ಸ್ಥಾನವೂ ತನಗೆ ಹಿಡಿಯುವಷ್ಟನ್ನೇ ಇಟ್ಟುಕೊಂಡಿರುವವರೆಗೆ ಇಡೀ ಸಾಲು ಸಮತೋಲದಲ್ಲಿತ್ತು. ನಡುವಿನ ಒಂದೇ ಒಂದು ಮನೆಗೆ ಅಳತೆ ಮೀರಿದ್ದಕ್ಕೆ ಎಡಪಕ್ಕದ ಮನೆಗಳ ಅಂಕಿಯೂ ಬದಲಾಯಿತು. ಮನೆಯಲ್ಲಾಗಲಿ ಊರಲ್ಲಾಗಲಿ, ಒಬ್ಬರ ಮೇಲೆ ಹೊರಲಾರದಷ್ಟು ಹೊರೆ ಬಿದ್ದಾಗ ಹೀಗೇ ಆಗುವುದನ್ನು ನಾವು ಕಂಡಿದ್ದೇವೆ.

ಇನ್ನೂ ಒಂದು ಪದರ ಕೆಳಗೆ ಹೋಗೋಣ. ಮಹಾವೀರಾಚಾರ್ಯರು 441ನ್ನು ಸುಮ್ಮನೆ ಆರಿಸಿಕೊಂಡಿಲ್ಲ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ ಸರಿಯಾಗಿ 111111. ಹಾರವನ್ನು ಎರಡು ತುಂಡಾಗಿ ಬಿಡಿಸಿ ಶಿಷ್ಯನ ಕೈಗೆ ಕೊಟ್ಟಿದ್ದಾರೆ, ಎರಡು ತುಂಡುಗಳೂ ಪೂರ್ಣವರ್ಗಗಳೇ. ಆರು ಒಂದುಗಳ ಸಾಲು ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಮೂರು ಮೂರರ ಎರಡು ಗುಂಪು ಮಾಡಿದರೆ 111 ಎರಡು ಸಲ, ಆದ್ದರಿಂದ 111111 ಎಂದರೆ 111ನ್ನು 1001ರಿಂದ ಗುಣಿಸಿದ್ದು. 111 ಎಂದರೆ 3 ಗುಣಿಸು 37. 1001 ಎಂದರೆ 7, 11, 13ರ ಗುಣಲಬ್ಧ. ಹೀಗೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು ಈ ಸಂಖ್ಯೆಯ ಬುಡದಲ್ಲಿವೆ, ಪ್ರತಿಯೊಂದೂ ಎರಡೆರಡು ಸಲ.

ಇದನ್ನು ಭಾಗಾಕಾರ ಮಾಡದೆಯೂ ಪರೀಕ್ಷಿಸಬಹುದು. ಅಂಕಿಗಳ ಮೊತ್ತ 36, ಅದು ಒಂಬತ್ತರಿಂದ ಭಾಗವಾಗುತ್ತದೆ, ಆದ್ದರಿಂದ ಸಂಖ್ಯೆಯೂ ಒಂಬತ್ತರಿಂದ ಭಾಗವಾಗುತ್ತದೆ. ಬಲಗಡೆಯಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ: 321, 654, 345, 12. ಮೊದಲನೆಯದರಿಂದ ಎರಡನೆಯದನ್ನು ಕಳೆದು, ಮೂರನೆಯದನ್ನು ಕೂಡಿ, ನಾಲ್ಕನೆಯದನ್ನು ಕಳೆದರೆ ಸೊನ್ನೆ ಉಳಿಯುತ್ತದೆ. ಹಾಗೆ ಸೊನ್ನೆ ಉಳಿದ ಸಂಖ್ಯೆ 1001ರಿಂದ ಭಾಗವಾಗುತ್ತದೆ, ಅಂದರೆ 7, 11, 13 ಮೂರರಿಂದಲೂ. ಅದೇ ನಾಲ್ಕು ಗುಂಪುಗಳನ್ನು ಕಳೆಯದೆ ಕೂಡಿದರೆ 1332. ಅದು 37ರ ಮೂವತ್ತಾರು ಪಟ್ಟು, ಆದ್ದರಿಂದ 37ರಿಂದಲೂ ಭಾಗವಾಗುತ್ತದೆ. ಹನ್ನೊಂದು ಅಂಕಿಗಳ ಸಂಖ್ಯೆಯೊಂದು ಇಷ್ಟು ಸಣ್ಣ ಪ್ರಶ್ನೆಗಳಿಗೆ ಇಷ್ಟು ಸ್ಪಷ್ಟವಾಗಿ ಉತ್ತರ ಕೊಡುತ್ತದೆ.

ಒಂದುಗಳ ಸಾಲುಗಳೆಲ್ಲ ಹೀಗೆ ಬಿಡಿಸಿಕೊಳ್ಳುತ್ತವೆ ಎಂದಲ್ಲ. ಎರಡು ಒಂದುಗಳ 11 ಅವಿಭಾಜ್ಯ. ಆಮೇಲೆ ಮೂರರಿಂದ ಹದಿನೆಂಟು ಒಂದುಗಳವರೆಗೆ ಪ್ರತಿಯೊಂದೂ ಒಡೆಯುತ್ತದೆ. ಹತ್ತೊಂಬತ್ತು ಒಂದುಗಳ ಸಂಖ್ಯೆ ಒಡೆಯುವುದಿಲ್ಲ. ಇಪ್ಪತ್ತಮೂರು ಒಂದುಗಳದ್ದೂ ಒಡೆಯುವುದಿಲ್ಲ. ಅದರ ಮುಂದಿನದಕ್ಕೆ 317 ಒಂದುಗಳವರೆಗೆ ಹೋಗಬೇಕು. ಇಂಥವು ಎಂದಾದರೂ ಮುಗಿಯುತ್ತವೆಯೇ, ಕೊನೆಯೇ ಇಲ್ಲವೇ ಎಂಬುದನ್ನು ಗಣಿತಲೋಕ ಇವತ್ತಿಗೂ ಸಾಧಿಸಿ ತೋರಿಸಿಲ್ಲ. ಮಗು ಮೊದಲು ಕಲಿಯುವ ಅಂಕಿ ಒಂದು. ಅದನ್ನೇ ಸಾಲಾಗಿ ಬರೆದರೆ ಇಷ್ಟು ಆಳದ ಪ್ರಶ್ನೆ.

ನಮ್ಮ ಸಂಖ್ಯೆಯನ್ನು ಭಾಗಿಸುವ ಸಂಖ್ಯೆಗಳು ಒಟ್ಟು 243. ಅವು ಜೋಡಿ ಜೋಡಿಯಾಗಿ ಇರುತ್ತವೆ. 1ಕ್ಕೆ ಜೋಡಿ ಆ ಸಂಖ್ಯೆಯೇ. 3ಕ್ಕೆ ಜೋಡಿ 4115218107. 441ಕ್ಕೆ ಜೋಡಿ 27994681. ಹೀಗೆ 121 ಜೋಡಿಗಳಾದ ಮೇಲೆ ಒಂದು ಉಳಿಯುತ್ತದೆ, 111111. ಅದಕ್ಕೆ ಅದೇ ಜೋಡಿ. ಪೂರ್ಣವರ್ಗಗಳಿಗೆ ಮಾತ್ರ ಇರುವ ಗುಣ ಇದು. ಬೇರೆ ಯಾವ ಸಂಖ್ಯೆಯಲ್ಲೂ ಭಾಜಕಗಳ ಎಣಿಕೆ ಬೆಸವಾಗುವುದಿಲ್ಲ. ಬರೆದ ಸಾಲಿನ ನಡುವೆ ಒಂಟಿಯಾಗಿ ಆರು ಕೂತಿರುವಂತೆ, ಭಾಜಕಗಳ ನಡುವೆ ಆರು ಒಂದುಗಳ ಈ ಸಂಖ್ಯೆ ಒಂಟಿಯಾಗಿ ಕೂತಿದೆ.

ಇಲ್ಲಿಗೆ ಬಂದಾಗ ಒಂದು ಪ್ರಶ್ನೆ ಏಳುತ್ತದೆ. ಈ ಗುಣಗಳಲ್ಲಿ ಸಂಖ್ಯೆಗೆ ಸ್ವಂತವಾದದ್ದು ಯಾವುದು, ನಾವು ಬರೆಯುವ ಕ್ರಮದಿಂದ ಬಂದದ್ದು ಯಾವುದು? ನಾವು ಹತ್ತು ಹತ್ತಾಗಿ ಎಣಿಸುತ್ತೇವೆ, ಅದಕ್ಕೇ ಹಾರ ಕಾಣುತ್ತದೆ. ಕಂಪ್ಯೂಟರು ಎರಡೆರಡಾಗಿ ಎಣಿಸುತ್ತದೆ. ಅದರ ಒಳಗೆ ಇದೇ ಸಂಖ್ಯೆ ಸೊನ್ನೆ, ಒಂದುಗಳ ಸಾಲಾಗಿ ಕೂತಾಗ ಒಂದರಿಂದ ಆರಕ್ಕೆ ಏರಿ ಇಳಿಯುವ ಆ ಸಾಲು ಅಲ್ಲಿಲ್ಲ. ಆದರೆ ಅದು ಆಗಲೂ ಪೂರ್ಣವರ್ಗವೇ. ಆಗಲೂ ಅದರ ಬುಡದಲ್ಲಿ ಅದೇ ಐದು ಅವಿಭಾಜ್ಯಗಳು. ಆಗಲೂ ಅದನ್ನು ಭಾಗಿಸುವವು 243. ಲೋಕದ ಯಾವ ಲಿಪಿಯಲ್ಲಿ, ಯಾವ ಎಣಿಕೆಯಲ್ಲಿ ಬರೆದರೂ ಇವು ಕದಲುವುದಿಲ್ಲ.

ಅಂದಮಾತ್ರಕ್ಕೆ ಹಾರ ಸುಳ್ಳಾಗುವುದಿಲ್ಲ. ಕಣ್ಣನ್ನು ಮೊದಲು ನಿಲ್ಲಿಸಿದ್ದು ಹಾರವೇ. ಅದು ನಿಲ್ಲಿಸದಿದ್ದರೆ ನಾವು ವರ್ಗಮೂಲವನ್ನು ಹುಡುಕುತ್ತಿರಲಿಲ್ಲ, 1001ರ ಬಳಿಗೆ ಹೋಗುತ್ತಿರಲಿಲ್ಲ. ರೂಪ ನಮ್ಮನ್ನು ಕರೆಯುತ್ತದೆ, ಗುಣ ನಮ್ಮನ್ನು ಉಳಿಸಿಕೊಳ್ಳುತ್ತದೆ. ರೂಪಕ್ಕೇ ಮರುಳಾಗಿ ಅಲ್ಲೇ ನಿಂತವರಿಗೆ ಸಿಗುವುದು ಒಂದು ಕ್ಷಣದ ಬೆರಗು. ರೂಪವನ್ನು ತುಚ್ಛವೆಂದು ಬಿಟ್ಟವರಿಗೆ ಒಳಗೆ ಹೋಗುವ ಬಾಗಿಲೇ ಸಿಗುವುದಿಲ್ಲ. ಮಹಾವೀರಾಚಾರ್ಯರು ಎರಡನ್ನೂ ಒಂದೇ ಲೆಕ್ಕದಲ್ಲಿ ಇಟ್ಟರು. ಹಾರವನ್ನು ಕೊನೆಗೆ ಇಟ್ಟು, ಅದಕ್ಕೂ ಮೊದಲು ದುಡಿಮೆಯನ್ನು ಇಟ್ಟರು. ಚೆಲ್ಲಾಪಿಲ್ಲಿಯಾದ ಮೂರು ಸಾಲುಗಳನ್ನು ತಾಳ್ಮೆಯಿಂದ ಕೂಡಿದವನಿಗೆ ಮಾತ್ರ ಅದು ದಕ್ಕುತ್ತದೆ. ನಮ್ಮ ದಿನಗಳೂ ಬಹುಮಟ್ಟಿಗೆ ಆ ನಡುವಿನ ಸಾಲುಗಳೇ. ಅವುಗಳಲ್ಲಿ ಅರ್ಥ ಕಾಣುವುದಿಲ್ಲ ಎಂದು ಲೆಕ್ಕವನ್ನು ಅರ್ಧಕ್ಕೆ ಬಿಟ್ಟರೆ ಉತ್ತರ ಎಂದಿಗೂ ಬರುವುದಿಲ್ಲ. ಸರಿಯಾಗಿ ಕೂಡುತ್ತ ಹೋಗುವುದಷ್ಟೇ ನಮ್ಮ ಪಾಲಿನ ಕೆಲಸ.

'ಗಣಿತಸಾರಸಂಗ್ರಹ' ಹಾಳಾಗಿ ಹೋದ ಗ್ರಂಥವಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದು ಲೆಕ್ಕಕ್ಕೆ ನಮ್ಮ ಮಾತು ಕೊಟ್ಟ. 1912ರಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಸಂಪಾದಿಸಿ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಪ್ರಕಟಿಸಿದರು. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾಗಿದೆ. ಪುಸ್ತಕ ಇದೆ, ಲೆಕ್ಕ ಇದೆ. ಇಲ್ಲದಿರುವುದು ನಮ್ಮ ಮಕ್ಕಳಿಗೆ ಅದರ ಪರಿಚಯ. ಗುಣಾಕಾರವನ್ನು ಶಿಕ್ಷೆಯಂತೆ ಕಲಿಯುತ್ತಿರುವ ಮಗುವಿಗೆ, ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ನಾಡಿನ ಗುರುವೊಬ್ಬರು ನಿನಗಾಗಿಯೇ ಒಂದು ಹಾರ ಕಟ್ಟಿಟ್ಟಿದ್ದಾರೆ ಎಂದು ಯಾರಾದರೂ ಹೇಳಬೇಕು.

ಆ ಕೆಲಸವನ್ನು ಇವತ್ತೇ ಮಾಡಬಹುದು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ತರಗತಿಯಲ್ಲಿ ಗುಣಾಕಾರ ಕಲಿಯುವ ವಯಸ್ಸಿನ ಒಂದು ಮಗು ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. 152207ನ್ನು 73ರಿಂದ ಗುಣಿಸು ಎನ್ನಿ. ಅದು ಮುಗಿದ ಮೇಲೆ 27994681 ಮತ್ತು 441 ಕೊಡಿ. ಕ್ಯಾಲ್ಕುಲೇಟರು ಬೇಡ, ಫೋನೂ ಬೇಡ. ಉತ್ತರವನ್ನು ಮೊದಲೇ ಹೇಳಬೇಡಿ. ಸರಿ ಬಂದಿತೋ ಇಲ್ಲವೋ ಎಂದು ನೀವು ತಿದ್ದುವ ಅಗತ್ಯವೂ ಇರುವುದಿಲ್ಲ, ಮಗುವಿಗೇ ತಿಳಿಯುತ್ತದೆ. ಆಮೇಲೆ ಮಹಾವೀರಾಚಾರ್ಯರ ಹೆಸರು ಹೇಳಿ.